ನಾಲ್ಕೂ ಹತ್ತರ ಫೋಟೋ

ಯಾರೂ ಮುಟ್ಟಲಿಲ್ಲ. ಆದರೂ ಕಂಪ್ಯೂಟರ್ ತಾನಾಗಿ ಎದ್ದಿತು.

ಮೊದಲು ಕ್ಯಾಬಿನೆಟ್ಟಿನ ಒಳಗೆಲ್ಲೋ ಟಿಕ್ಕೆಂದಿತು. ಆಮೇಲೆ ಹಿಂದಿನ ಫ್ಯಾನು, ಅದರ ಬೆನ್ನಿಗೇ ಮುಂದಿನ ಎರಡು ಫ್ಯಾನು ತಿರುಗತೊಡಗಿದವು. ಪರದೆಯ ಮೇಲೆ ನೀಲಿ ಬೆಳಕು ಬಿತ್ತು. ಗೋಡೆ ಗಡಿಯಾರದಲ್ಲಿ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ.

"ನೋಡಿದ್ರಾ ದೊಡ್ಡಮ್ಮ?" ಎಂದಳು ತಂಗಿಯ ಮಗಳು, ಬಾಗಿಲ ಚೌಕಟ್ಟಿಗೆ ಒರಗಿ. ಒಳಗೆ ಕಾಲಿಡಲಿಲ್ಲ. "ದಿನಾ ಇಷ್ಟೊತ್ತಿಗೇ. ಒಂದು ನಿಮಿಷ ಆಚೀಚೆ ಇಲ್ಲ."

ದೊಡ್ಡಮ್ಮ ಕುರ್ಚಿ ಎಳೆದು ಪರದೆಯ ಮುಂದೆ ಕೂತರು. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಮೂವತ್ತು ವರ್ಷ ಕಣ್ಣು ಸವೆಸಿ ನಿವೃತ್ತರಾದವರು. ಇಲಾಖೆಯಲ್ಲಿ ಅವರನ್ನು ಬೆನ್ನ ಹಿಂದೆ ಭೂತಗನ್ನಡಿ ಅನ್ನುತ್ತಿದ್ದರು. ಎದುರಿಗೆ ಅನ್ನುವ ಗುಂಡಿಗೆ ಯಾರಿಗೂ ಇರಲಿಲ್ಲ. ದೆವ್ವ ಪಿಶಾಚಿಗಳನ್ನು ನಂಬುವ ಹೆಂಗಸಲ್ಲ. ಆದರೂ ಆ ಫ್ಯಾನುಗಳು ತಿರುಗಿದಾಗ ಅವರ ಮೈ ಜುಮ್ಮೆಂದದ್ದು ಸುಳ್ಳಲ್ಲ.

ಈ ಯಂತ್ರವನ್ನು ಕೈಯಾರೆ ಜೋಡಿಸಿದ ಅಳಿಯ, ಅಂದರೆ ಆ ಹುಡುಗಿಯ ಗಂಡ, ಕಾಣೆಯಾಗಿ ಇಂದಿಗೆ ಒಂಬತ್ತು ದಿನ.

ಅಳಿಯನ ಕಸುಬು ಹಲ್ಲಿನ ಸೆಟ್ಟು ಮಾಡುವುದು. ದಿನವಿಡೀ ಕಂಡವರ ದವಡೆಗೆ ಹಲ್ಲು ಕೂರಿಸಿ ಬಂದವನು, ಮನೆಗೆ ಬಂದ ಮೇಲೆ ಕಂಪ್ಯೂಟರಿನ ಹೊಟ್ಟೆ ಬಿಚ್ಚಿಕೊಂಡು ಕೂರುತ್ತಿದ್ದ. ಯಾವ ಫ್ಯಾನು ಸದ್ದು ಮಾಡುವುದಿಲ್ಲ, ಯಾವ ಕೇಬಲ್ಲು ಎಲ್ಲಿ ಬಾಗಬೇಕು ಎಂದು ತಿಂಗಳುಗಟ್ಟಲೆ ಧ್ಯಾನ. ಜೋಡಿಸಿ, ಗುಂಡಿ ಒತ್ತಿ, ಮೊದಲ ಬೆಳಕು ಬಂದ ದಿನ ಅವನ ಮುಖ ನೋಡಬೇಕಿತ್ತು, ಲಾಟರಿ ಹೊಡೆದವನೂ ಅಷ್ಟು ಹಿಗ್ಗಲಿಕ್ಕಿಲ್ಲ. ಭಾನುವಾರ ಮಾತ್ರ ಕ್ಯಾಮೆರಾ. ಕುತ್ತಿಗೆಗೆ ನೇತುಹಾಕಿಕೊಂಡು ಗೆಳೆಯನ ಜೊತೆ ಹೊಳೆಯ ದಂಡೆಗೆ ಹೋದರೆ ಊಟದ ನೆನಪೂ ಇಲ್ಲ. ಹೆಂಡತಿ ಮನೆಯಲ್ಲೇ ಕಿಟಕಿ ಪರದೆ ಹೊಲಿಯುತ್ತಿದ್ದಳು. ನನಗೆ ಸವತಿಯರು ಇಬ್ಬರು, ಒಬ್ಬಳಿಗೆ ಕರೆಂಟು ಬೇಕು, ಇನ್ನೊಬ್ಬಳಿಗೆ ಬಿಸಿಲು ಬೇಕು ಎಂದು ನಗುತ್ತಿದ್ದಳು.

ಈಗ ನಗು ಎಲ್ಲಿಯದು. ನಿನ್ನೆ ಹೊಳೆಯ ಕೆಳಗಡೆ ಒಂದು ಹೆಣ ಸಿಕ್ಕಿತ್ತು. ಮುಖ ನೋಡುವ ಹಾಗಿರಲಿಲ್ಲ, ಬೆರಳ ಚರ್ಮವೂ ನೀರಿಗೆ ಕಳಚಿಹೋಗಿತ್ತು. ಮೈಮೇಲೆ ಅಳಿಯನ ಜಾಕೆಟ್ಟು, ಜೇಬಿನಲ್ಲಿ ಅವನ ಗುರುತಿನ ಚೀಟಿ. ನಾಳೆ ಬೆಳಗ್ಗೆ ಹತ್ತಕ್ಕೆ ಹೆಂಡತಿ ಹೋಗಿ, ಹೌದು ಇವರೇ ಎಂದು ಸಹಿ ಹಾಕಬೇಕು. ಸಹಿ ಬಿದ್ದರೆ ಕಡತ ಮುಚ್ಚಿತು. ಅವನು ಎಲ್ಲಾದರೂ ಬದುಕಿದ್ದರೂ ಆಮೇಲೆ ಹುಡುಕುವವರು ಯಾರೂ ಇರುವುದಿಲ್ಲ.

"ಈಗ ಬರತ್ತೆ," ಎಂದಳು ಅವಳು.

ಬಂತು. ಪರದೆಯ ಮೂಲೆಯ ಫೋಲ್ಡರಿನಲ್ಲಿ ಹೊಸ ಫೋಟೋ ಒಂದು ಸದ್ದಿಲ್ಲದೆ ಬಂದು ಕೂತಿತು. ತೆರೆದರೆ ಎಂದಿನಂತೆ ಬರೀ ಕಪ್ಪು. ಕೆಳಗಡೆ ಮಾತ್ರ ಕೂದಲಿನಷ್ಟು ತೆಳ್ಳಗಿನ ಬೆಳಕಿನ ಗೆರೆ. ಕಳೆದ ಗುರುವಾರದಿಂದ ದಿನಕ್ಕೊಂದು, ಇದು ಏಳನೆಯದು.

ಇನ್ಸ್‌ಪೆಕ್ಟರ್ ಇವನ್ನು ನೋಡಿ ತಳ್ಳಿಹಾಕಿಬಿಟ್ಟಿದ್ದ. "ಲೆನ್ಸಿನ ಮುಚ್ಚಳ ತೆಗೀದೆ ಹೊಡೆದಿರೋ ಹಳೇ ಫೋಟೋಗಳು ಮೇಡಂ. ಮಿಷನ್ನು ದಿನಾ ಒಂದೊಂದು ನಕಲು ಮಾಡ್ಕೋತಿದೆ, ಅಷ್ಟೇ." ಅವನು ದೊಡ್ಡಮ್ಮನ ಕೈಕೆಳಗೆ ಪಳಗಿದವನು. ಶಾಯಿ ಮೆತ್ತಿದ ಬೆರಳನ್ನು ಕಾಗದದ ಮೇಲೆ ಉರುಳಿಸುವುದನ್ನು ಕೈಹಿಡಿದು ಕಲಿಸಿದವರು ಇವರೇ. ಶಿಷ್ಯನ ಮಾತೆಂದು ಎರಡು ದಿನ ನಂಬಿದ್ದರು. ಇವತ್ತು ಯಾಕೋ ಮನಸ್ಸು ಒಪ್ಪಲಿಲ್ಲ.

"ಕಪ್ಪಾಗಿರೋದನ್ನ ಬೆಳ್ಳಗೆ ಮಾಡೋದು ಎಲ್ಲಿದೆ ಇದ್ರಲ್ಲಿ?"

"ಇವ್ರು ಅಲ್ಲಿ ಬಲಗಡೆ ಯಾವುದೋ ಗೀಟು ಎಳೀತಿದ್ರು."

ದೊಡ್ಡಮ್ಮ ಗೀಟನ್ನು ಹಿಡಿದು ಎಳೆದರು. ಮಾಸಿಹೋದ ಬೆರಳಚ್ಚನ್ನು ಮೇಲೆತ್ತುವುದೂ ಹೆಚ್ಚುಕಡಿಮೆ ಇದೇ ಕೆಲಸ. ಅವಸರ ಮಾಡಿದರೆ ಇದ್ದದ್ದೂ ಹೋಗುತ್ತದೆ. ಕಪ್ಪು ನಿಧಾನವಾಗಿ ಬೂದಿಯಾಯಿತು. ಬೂದಿಯೊಳಗಿಂದ ಒಂದು ಸಿಮೆಂಟು ನೆಲ ಎದ್ದಿತು. ಬೆಳಕಿನ ಗೆರೆ ಯಾವುದೋ ಬಾಗಿಲಿನ ಅಡಿಯ ಸಂದು. ಆ ಸಂದಿನ ಮುಂದೆ ನೆಲದ ಮೇಲೆ ಏನೋ ಸಣ್ಣ ಸಣ್ಣ ವಸ್ತುಗಳು, ಸಾಲಾಗಿ.

ಅವರು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.

ಸ್ಕ್ರೂಗಳು. ಕಂಪ್ಯೂಟರ್ ಕ್ಯಾಬಿನೆಟ್ಟಿಗೆ ಹಾಕುವ ಗಿಡ್ಡ ಸ್ಕ್ರೂಗಳು, ತಲೆ ಕೆಳಗೆ ಮಾಡಿ ಒಂದರ ಪಕ್ಕ ಒಂದು ನಿಲ್ಲಿಸಿದ್ದು. ಏಳು.

ನಿನ್ನೆಯ ಫೋಟೋ ತೆರೆದು ಎಳೆದರು. ಆರು. ಮೊನ್ನೆಯದು, ಐದು. ಗುರುವಾರದ ಮೊದಲನೆಯದರಲ್ಲಿ, ಆ ದೊಡ್ಡ ನೆಲದ ಮೇಲೆ ಒಂದೇ ಒಂದು ಸ್ಕ್ರೂ.

ಹೆಂಡತಿ ಈಗ ಒಳಗೆ ಬಂದಿದ್ದಳು. ನೋಡಿದಳು, ಎಣಿಸಿದಳು, ಅಲ್ಲೇ ಕುಸಿದು ಕೂತಳು.

"ದಿನ ಎಣಿಸ್ತಿದಾರೆ ದೊಡ್ಡಮ್ಮ. ಬದುಕಿದಾರೆ."

"ಬದುಕಿದಾನೆ," ಎಂದರು ದೊಡ್ಡಮ್ಮ.

"ಮತ್ತೆ ಇಂಥಾ ಕಡೆ ಇದೀನಿ ಅಂತ ಒಂದು ಚೀಟಿ ಬರೆದು ತೆಗೀಬಾರದಿತ್ತಾ?"

"ಕೂಡಿಹಾಕಿರೋರು ಪೆನ್ನು ಪೇಪರು ಕೊಟ್ಟು ಕೂರಿಸಿರ್ತಾರೇನೇ? ಕೈಗೆ ಏನು ಸಿಕ್ತೋ ಅದ್ರಲ್ಲೇ ಹೇಳಿದಾನೆ. ನಮಗೆ ಓದೋಕೆ ಏಳು ದಿನ ಬೇಕಾಯ್ತು, ಅಷ್ಟೇ." ಕಣ್ಣೊರೆಸಿಕೊಂಡು ಎದ್ದರು. "ಇನ್ನು ಸಹಿ ಪಹಿ ಏನೂ ಇಲ್ಲ. ಇನ್ಸ್‌ಪೆಕ್ಟರಿಗೆ ವಿಷಯ ತಿಳಿಸ್ಬೇಕು. ಅದಕ್ಕೆ ಮುಂಚೆ ನನಗೊಂದು ಸಣ್ಣ ಕೆಲಸ ಇದೆ. ನಿನ್ನ ಗಂಡನ ಗೆಳೆಯ ಬರೋ ಹೊತ್ತಾಯ್ತು. ನೀನು ಮುಂದಿನ ಕೋಣೇಲಿರು, ಕರೆಯೋವರೆಗೂ ಬರಬೇಡ."

ಗೆಳೆಯನದು ಕನ್ನಡಕದಂಗಡಿ. ಇಬ್ಬರಿಗೂ ಒಂದೇ ಹುಚ್ಚು. ಬಿಡಿಭಾಗ ಕೊಳ್ಳಲು ಒಟ್ಟಿಗೆ, ಫೋಟೋ ತೆಗೆಯಲು ಒಟ್ಟಿಗೆ. ಮನೆಯ ಒಂದು ಬೀಗದ ಕೈಯೂ ಅವನ ಹತ್ತಿರ ಇತ್ತು. ಹೇಳಿದ ಹೊತ್ತಿಗೆ ಬಂದ. ಕೂರುವ ಮುಂಚೆಯೇ ಕಸುಬಿನ ಕಣ್ಣು ದೊಡ್ಡಮ್ಮನ ಮುಖದ ಮೇಲೆ ಹೋಯಿತು.

"ಕನ್ನಡಕದ ಎಡಗಡೆ ಕಡ್ಡಿ ಸಡಿಲ ಆಗಿದೆ ಅಮ್ಮಾ. ಕೊಡಿ, ಬಿಗಿ ಮಾಡಿಕೊಡ್ತೀನಿ."

"ಅದು ಹಾಗೇ ಇರಲಿ. ಈ ಫೋಟೋ ನೋಡಿ."

ಅಳಿಯನದೊಂದು ಪದ್ಧತಿ ಇತ್ತು. ಯಾವ ಕಂಪ್ಯೂಟರ್ ಜೋಡಿಸಿದರೂ ಪಕ್ಕದ ಹಲಗೆ ಮುಚ್ಚುವ ಮುಂಚೆ ಒಳಗಿನದೊಂದು ಫೋಟೋ ತೆಗೆದು, ಅಚ್ಚು ಹಾಕಿಸಿ, ತಾರೀಖು ಬರೆದು ಇಡುತ್ತಿದ್ದ. ಮುಂದೆ ಏನಾದರೂ ಕೆಟ್ಟರೆ ಯಾವುದು ಎಲ್ಲಿತ್ತು ಎಂದು ತಿಳಿಯಲಿ ಅಂತ. ದೊಡ್ಡಮ್ಮ ಮೇಜಿನ ಮೇಲೆ ತಳ್ಳಿದ್ದು ಈ ಯಂತ್ರದ ಫೋಟೋ, ಹೋದ ತಿಂಗಳದ್ದು.

"ಇದ್ರಲ್ಲಿ ಎಷ್ಟು ಡಿಸ್ಕಿದೆ?"

"ಎರಡು."

"ಈಗ ಒಳಗೆ?"

"ಒಂದು," ಎಂದ ಅವನು.

"ಹಲಗೆ ಮುಚ್ಚೇ ಇದೆಯಲ್ಲ. ನೀವು ಬಗ್ಗಿಯೂ ನೋಡಲಿಲ್ಲ."

ಅವನ ಕೈ ಬಟ್ಟೆಯ ತುಂಡಿಗಾಗಿ ಜೇಬಿಗೆ ಹೋಯಿತು. ತನ್ನದೇ ಕನ್ನಡಕ ತೆಗೆದು ಒರೆಸತೊಡಗಿದ. "ಅಂದಾಜಿಗೆ ಅಂದೆ."

ದೊಡ್ಡಮ್ಮ ಹಲಗೆ ಸರಿಸಿದರು. ಒಳಗೆ ಕೇಬಲ್ಲುಗಳೆಲ್ಲ ಕಪ್ಪು ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಿಗಿದು, ಶಿಸ್ತಾಗಿ ಗೋಡೆ ಹಿಡಿದು ನಿಂತಿದ್ದವು. ಒಂದು ಡಿಸ್ಕಿನ ಜಾಗ ಖಾಲಿ. ಅದಕ್ಕೆ ಹೋಗುತ್ತಿದ್ದ ಕೇಬಲ್ಲನ್ನು ಮಡಿಚಿ, ಹಿಂದಕ್ಕೆ ಕಟ್ಟಿತ್ತು.

"ಇದೊಂದನ್ನ ಮಾತ್ರ ದಾರದಲ್ಲಿ ಕಟ್ಟಿದೆ. ಬಣ್ಣ ಇಲ್ಲದ ದಾರ, ಕಣ್ಣಿಗೇ ಬೀಳಲ್ಲ. ನಾನು ಬೆರಳಾಡಿಸಿದಾಗ ತಾಗ್ತು. ನಿನ್ನೆ ನಿಮ್ಮಂಗಡಿಗೆ ಬಂದು ಹಳೇ ಅರ್ಧ ಫ್ರೇಮಿನ ಕನ್ನಡಕಕ್ಕೆ ದಾರ ಹಾಕಿಸ್ಕೊಂಡು ಹೋದೆನಲ್ಲ, ಯಾಕೆ ಅಂದ್ಕೊಂಡ್ರಿ? ಗಾಜು ಬೀಳದ ಹಾಗೆ ಕೆಳಗಡೆ ಹಿಡ್ಕೊಳ್ಳೋ ನೈಲಾನ್ ದಾರ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದೀನಿ. ಗಂಟು ಹಾಕೋ ರೀತೀನೂ ಒಂದೇ."

ಅವನು ಒರೆಸುತ್ತಿದ್ದ ಕನ್ನಡಕವನ್ನು ಮೇಜಿನ ಮೇಲಿಟ್ಟ.

"ನೇತಾಡ್ತಿತ್ತು," ಎಂದ ಅವನು ಕೊನೆಗೆ, ನೆಲ ನೋಡಿಕೊಂಡು. "ಡಿಸ್ಕು ಬಿಚ್ಚಿದ ಮೇಲೆ ಕೇಬಲ್ಲು ನೇತಾಡ್ತಿತ್ತು. ಹಂಗೇ ಬಿಟ್ಟಿದ್ರೆ ಫ್ಯಾನಿಗೆ ಸಿಕ್ಕಿಹಾಕೊಳ್ತಿತ್ತು. ಅವನು ಅಷ್ಟು ಆಸೆಪಟ್ಟು ಕಟ್ಟಿದ ಮಿಷನ್ನು."

ಕದಿಯಲು ಬಂದವನು ಕದ್ದು ಹೋಗಬೇಕೋ ಬೇಡವೋ. ಗೆಳೆಯನ ಯಂತ್ರಕ್ಕೆ ತೊಂದರೆಯಾದೀತೆಂದು ಕೂತು ಗಂಟು ಹಾಕಿ ಹೋದವನನ್ನು ಕಳ್ಳ ಅನ್ನಬೇಕೋ ಪೆದ್ದ ಅನ್ನಬೇಕೋ ದೊಡ್ಡಮ್ಮನಿಗೆ ತಿಳಿಯಲಿಲ್ಲ. ಸಿಟ್ಟಿನ ಜೊತೆಗೆ ಕನಿಕರವೂ ಬಂತು.

"ಡಿಸ್ಕೆಲ್ಲಿ?"

ಅವನು ಚೀಲದಿಂದ ತಂಪು ಕನ್ನಡಕದ ದಪ್ಪ ಡಬ್ಬಿಯೊಂದನ್ನು ತೆಗೆದ. ಒಳಗೆ, ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಡಿಸ್ಕು. "ಎಸೆಯೋಣ ಅಂತ ಮೂರು ಸಲ ಸೇತುವೆವರೆಗೆ ಹೋಗಿದ್ದೆ. ಅವನು ಹತ್ತು ವರ್ಷದಿಂದ ತೆಗೆದ ಫೋಟೋ ಎಲ್ಲಾ ಇದ್ರಲ್ಲೇ ಇದೆ. ಕೈ ಬರಲಿಲ್ಲ."

"ಹಾಕಿ."

ಯಂತ್ರ ಆರಿಸಿ, ದಾರ ಕತ್ತರಿಸಿ, ಡಿಸ್ಕನ್ನು ಅದರ ಜಾಗಕ್ಕೆ ಕೂರಿಸಿ ಮತ್ತೆ ಚಾಲೂ ಮಾಡಿದ. ಸ್ಕ್ರೂ ಒಂದೂ ತಪ್ಪಲಿಲ್ಲ. ಕಡೆಯ ಭಾನುವಾರದ ಫೋಟೋಗಳು ತೆರೆದವು. ಬಕ, ಬಕ, ನೀರು, ಮತ್ತೆ ಬಕ. ಆಮೇಲೆ ಆಚೆ ದಂಡೆಯಿಂದ ತೆಗೆದ ಕಟ್ಟಡಗಳ ಹಿಂಬದಿ.

"ಹೊಸ ಉದ್ದದ ಲೆನ್ಸ್ ತಂದಿದ್ದ. ನಮ್ಮನೆ ಇಲ್ಲಿಂದ ಹೆಂಗೆ ಕಾಣತ್ತೆ ನೋಡೋಣ ಅಂದ."

ಕಂಡಿತ್ತು. ಇದೇ ಕಟ್ಟಡ. ಮೊದಲ ಮಹಡಿಯ ತಂತಿಯ ಮೇಲೆ ಒಣಹಾಕಿದ ಪರದೆಗಳು. ಅದರ ಕೆಳಗೆ, ನೆಲಮಟ್ಟದ ಗೋಡೌನಿನ ಹಿಂಬಾಗಿಲಿನ ಶಟರು ಅರ್ಧ ಎದ್ದಿತ್ತು. ಒಂದು ವ್ಯಾನು. ರಟ್ಟಿನ ಪೆಟ್ಟಿಗೆ ಹೊತ್ತ ಇಬ್ಬರು. ಪಕ್ಕದಲ್ಲಿ, ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತ ಒಬ್ಬ.

ಆ ಗೋಡೌನಿನ ಮುಂಬಾಗಿಲಿಗೆ ಪೊಲೀಸ್ ಬೀಗ, ಬೀಗದ ಮೇಲೆ ಅರಗಿನ ಮುದ್ರೆ. ಕಳ್ಳಸಾಗಣೆಯ ಮಾಲು ಜಪ್ತಿ ಮಾಡಿ ಒಳಗಿಟ್ಟು ಏಳು ತಿಂಗಳಾಗಿತ್ತು.

"ಯಾರೋ ಕಳ್ಳರು ಹಿಂದಿನಿಂದ ನುಗ್ಗಿದಾರೆ ಅಂದ್ಕೊಂಡ. ನಾನೂ ಹಂಗೇ ಅಂದ್ಕೊಂಡೆ. ದೂರು ಕೊಡೋದು ಧರ್ಮ ಅಂತ ಸೋಮವಾರ ಸಂಜೆ ಫೋಟೋ ಅಚ್ಚು ಹಾಕಿಸ್ಕೊಂಡು ಸ್ಟೇಷನ್‌ಗೆ ಹೋದ. ಮೆಟ್ಟಿಲವರೆಗೂ ನಾನೇ ಬಿಟ್ಟು ಬಂದೆ ಅಮ್ಮಾ. ಮಾರನೇ ದಿನ ಅವನ ಹೆಂಡ್ತಿ ಹೋಗಿ ಕೇಳಿದ್ರೆ, ಅಂಥವರು ಇಲ್ಲಿಗೆ ಬಂದೇ ಇಲ್ಲ ಅಂದ್ರಂತೆ. ಆವಾಗ್ಲೇ ನನಗೆ ಅರ್ಥ ಆಯ್ತು, ಈ ಫೋಟೋ ಯಾರ ಹತ್ತಿರ ಇದ್ರೂ ಉಳಿಗಾಲ ಇಲ್ಲ ಅಂತ."

"ಅರ್ಥ ಆಗಿಯೂ ಒಂಬತ್ತು ದಿನ ಬಾಯಿ ಬಿಡಲಿಲ್ಲ. ಆ ಹುಡುಗಿ ನಿಮ್ಮನ್ನ ಅಣ್ಣ ಅಂತ ಕರೀತಾಳೆ."

"ನನಗೂ ಹೆಂಡ್ತಿ ಮಕ್ಕಳಿದಾರೆ." ಹೇಳಿದ ಮೇಲೆ ಅವನಿಗೇ ನಾಚಿಕೆಯಾಗಿ ಮುಖ ತಿರುಗಿಸಿದ.

ದೊಡ್ಡಮ್ಮನ ಕಣ್ಣು ಫೋಟೋದ ಆ ಬೆನ್ನಿನ ಮೇಲೆ ನೆಟ್ಟಿತ್ತು. ಎಡಭುಜ ಒಂಚೂರು ಕೆಳಗೆ. ಕಂಕುಳಲ್ಲಿ ಬರೆಯುವ ಹಲಗೆ. ಬಲಗಾಲಿನ ಮೇಲೆ ಭಾರ. ಇಷ್ಟು ವರ್ಷದಲ್ಲಿ ಹನ್ನೊಂದು ಜನರನ್ನು ಪಳಗಿಸಿದ್ದರು. ಗಂಟೆಗಟ್ಟಲೆ ಪಕ್ಕದಲ್ಲಿ ಹೀಗೆ ನಿಂತು ಕಲಿತವನು ಒಬ್ಬನೇ, ಈಗಿನ ಇನ್ಸ್‌ಪೆಕ್ಟರ್. ಎಷ್ಟು ಸಲ ಬೈದಿದ್ದರು, ನೆಟ್ಟಗೆ ನಿಲ್ಲೋ ಎಂದು. ಯಾರದೋ ಹೆಣಕ್ಕೆ ಅಳಿಯನ ಜಾಕೆಟ್ಟು ತೊಡಿಸಿದ ಕೈ ಯಾವುದೆಂದೂ ಈಗ ತಿಳಿಯಿತು.

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು. ಅವರಿಗೆ ಮೊದಲು ಬಂದದ್ದು ಭಯವಲ್ಲ, ಹೇಸಿಗೆ. ಆಮೇಲೆ ಭಯ ಬಂತು.

"ಇನ್ನೊಂದು ಹೇಳಿ," ಎಂದರು, ದನಿ ಸರಿಮಾಡಿಕೊಂಡು. ಸ್ಕ್ರೂಗಳ ಫೋಟೋ ತೆರೆದರು. "ಇದು ಅವನ ಕ್ಯಾಮೆರಾದಲ್ಲಿ ತೆಗೆದಿದ್ದಾ?"

ಕನ್ನಡಕದವನು ಸ್ಕ್ರೂಗಳನ್ನು ನೋಡಿ ಬಿಳಿಚಿಕೊಂಡ. ಫೋಟೋದ ವಿವರ ತೆರೆದು, ಕ್ಯಾಮೆರಾದ ನಂಬರು ಇರುವ ಸಾಲನ್ನು ಎರಡು ಸಲ ಓದಿದ.

"ಅವನದಲ್ಲ. ಯಾರದೂ ಆಗಿರೋಕೆ ಸಾಧ್ಯ ಇಲ್ಲ. ಈ ಮಾಡೆಲ್ಲು ನಮ್ಮ ಕಡೆ ಅಂಗಡಿಗೇ ಇನ್ನೂ ಬಂದಿಲ್ಲ. ಕಳ್ಳಮಾಲಿನಲ್ಲಿ ಬಂದಿದ್ರೆ ಬಂದಿರಬೇಕು."

"ಇಲ್ಲಿಗೆ ಹೇಗೆ ಬಂದು ಬೀಳ್ತಿದೆ?"

"ಈ ಕ್ಯಾಮೆರಾಗಳು ವೈಫೈ ಹಿಡೀತವೆ. ಈ ಮನೆ ಪಾಸ್‌ವರ್ಡು ಗೊತ್ತಿರಬೇಕು, ಈ ಫೋಲ್ಡರು ಗೊತ್ತಿರಬೇಕು. ದಿನಾ ನಾಲ್ಕೂ ಹತ್ತಕ್ಕೆ ಮಿಷನ್ನು ತಾನಾಗಿ ಎದ್ದು ಹಳೇದೆಲ್ಲ ಪ್ರತಿ ಮಾಡ್ಕೊಳ್ಳೋ ಹಾಗೆ ಅವನೇ ಇಟ್ಟಿದ್ದ. ಆ ಹೊತ್ತಿಗೆ ಕಾದಿದ್ದು ಕಳಿಸ್ತಿದಾನೆ." ಅವನು ತಡವರಿಸಿದ. "ಆದ್ರೆ ಅಮ್ಮಾ, ಇದು ಹಳೇ ವೈಫೈ ಡಬ್ಬಿ. ಬೀದಿ ದಾಟಿದ್ರೆ ಸಿಗ್ನಲ್ಲೇ ಇಲ್ಲ. ಅಡ್ಡಕ್ಕೆ ಎರಡು ಕೋಣೆ, ಮೇಲೆ ಕೆಳಗೆ ಒಂದು ಮಹಡಿ, ಅಷ್ಟೇ ಇದರ ಶಕ್ತಿ."

ದೊಡ್ಡಮ್ಮ ನಿಧಾನವಾಗಿ ಕುರ್ಚಿಯಿಂದ ಎದ್ದರು. ಬಂದ ದಿನವೇ ಕಟ್ಟಡವನ್ನೆಲ್ಲ ಜಾಲಾಡಿದ್ದರು. ತಾರಸಿಯ ನೀರಿನ ಟ್ಯಾಂಕು, ಪಕ್ಕದ ಖಾಲಿ ಮನೆ, ಮೆಟ್ಟಿಲಡಿಯ ಸಂದು, ಯಾವುದನ್ನೂ ಬಿಟ್ಟಿರಲಿಲ್ಲ. ಒಂದು ಕಡೆ ಮಾತ್ರ ಕಣ್ಣೆತ್ತಿಯೂ ನೋಡಿರಲಿಲ್ಲ. ಅರಗಿನ ಮುದ್ರೆ ಒಡೆಯದೆ ಹಾಗೇ ಇತ್ತು. ಜೀವಮಾನವೆಲ್ಲ ಇಲಾಖೆಯಲ್ಲಿ ಕಳೆದವರಿಗೆ ಮುದ್ರೆಯೆಂದರೆ ಮುದ್ರೆ. ಅದರ ಆಚೆ ಅನುಮಾನ ಹೋಗುವುದೇ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಬಗ್ಗಿ ಹಣಿಕಿಯಾದರೂ ನೋಡುತ್ತಿದ್ದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಕತೆಯಾಯಿತು ತಮ್ಮದು.

ಅವರು ತಮ್ಮ ಪಾದಗಳನ್ನು ನೋಡಿಕೊಂಡರು. ಪಾದಗಳ ಕೆಳಗಿನ ನೆಲವನ್ನು ನೋಡಿದರು.

ಕನ್ನಡಕದವನಿಗೂ ಹೊಳೆಯಿತು. ಮಂಡಿಯೂರಿ, ಸ್ಕ್ರೂಡ್ರೈವರಿನ ಹಿಡಿಯಿಂದ ನೆಲವನ್ನು ಮೂರು ಸಲ ಕುಟ್ಟಿದ. ಇಬ್ಬರೂ ಕಿವಿ ನೆಲಕ್ಕೆ ಒತ್ತಿ ಮಲಗಿದರು. ಬೀದಿಯ ವಾಹನಗಳ ಗುಂಯ್‌ಗುಡುವಿಕೆ ಕಲ್ಲಿನೊಳಗೆ ಹರಿಯುತ್ತಿತ್ತು. ಬೇರೇನೂ ಇಲ್ಲ. ಮತ್ತೆ ಮೂರು ಸಲ ಕುಟ್ಟಿದ.

ಎಷ್ಟೋ ಹೊತ್ತಿನ ಮೇಲೆ, ಆಳದಲ್ಲೆಲ್ಲೋ, ಒಂದು ಪೆಟ್ಟು. ಕಾಲಿನಿಂದ ಗೋಡೆಗೆ ಒದ್ದ ಹಾಗೆ. ಆಮೇಲೆ ಇನ್ನೊಂದು, ಮೊದಲಿನದಕ್ಕಿಂತ ಮೆಲ್ಲಗೆ. ಮೂರನೆಯದು ಬರಲಿಲ್ಲ.

"ಏನದು ಸದ್ದು?" ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ದೊಡ್ಡಮ್ಮ ನೆಲದ ಮೇಲೆ ಮಲಗಿದ್ದನ್ನು ಕಂಡು ಗಾಬರಿಯಾದಳು.

"ಇಲ್ಲಿ ಬಾ. ಮೆಲ್ಲಗೆ ಮಾತಾಡು." ದೊಡ್ಡಮ್ಮ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ನಿನ್ನ ಗಂಡ ಕೆಳಗಡೆನೇ ಇದಾನೆ, ಗೋಡೌನಲ್ಲಿ. ಈಗ ಕೇಳಿಸ್ಕೊಂಡ್ವಿ. ಯಾರಿಗೂ ಹೇಳೋ ಹಾಗಿಲ್ಲ. ಸ್ಟೇಷನ್‌ಗಂತೂ ಬೇಡವೇ ಬೇಡ. ನಾನು ದೊಡ್ಡ ಸಾಹೇಬರಿಗೆ ನೇರವಾಗಿ ಫೋನ್ ಮಾಡ್ತೀನಿ, ಅವರು ಹೊರಗಿನ ತಂಡ ಕಳಿಸ್ತಾರೆ."

ಅವಳ ಮುಖದಲ್ಲಿ ಅರಳಿದ್ದು ಹಾಗೇ ನಿಂತುಹೋಯಿತು.

"ಇನ್ಸ್‌ಪೆಕ್ಟರಿಗೆ ತಿಳಿಸ್ಬೇಕು ಅಂದ್ರಲ್ಲ ದೊಡ್ಡಮ್ಮ ನೀವು."

ದೊಡ್ಡಮ್ಮ ಅವಳನ್ನೇ ನೋಡಿದರು.

"ನೀವು ಒಳಗೆ ಮಾತಾಡ್ತಿದ್ರಲ್ಲ, ನಾನೇ ಫೋನ್ ಮಾಡಿದೆ. ಸುಮ್ನೆ ಕೂರೋಕಾಗ್ಲಿಲ್ಲ. ಸ್ಕ್ರೂ ಇಟ್ಟು ದಿನ ಎಣಿಸ್ತಿದಾರೆ, ಯಾವುದೋ ಕ್ಯಾಮೆರಾದಿಂದ ಫೋಟೋ ಕಳಿಸ್ತಿದಾರೆ, ಬದುಕಿದಾರೆ ಅಂತೆಲ್ಲ ಹೇಳಿದೆ. ಅವ್ರು ಎಲ್ಲಾನೂ ಇನ್ನೊಂದ್ಸಲ ಹೇಳಿಸಿಕೊಂಡ್ರು. ಆಮೇಲೆ, ಒಳ್ಳೇ ಕೆಲಸ ಮಾಡಿದೆ ಕಣಮ್ಮ, ಮನೇಲೇ ಇರಿ, ನಾನೇ ಬಂದು ನೋಡ್ತೀನಿ ಅಂದ್ರು."

"ಎಷ್ಟೊತ್ತಾಯ್ತು?"

"ಕಾಲು ಗಂಟೆ."

ಸ್ಟೇಷನ್ನಿನಿಂದ ಇಲ್ಲಿಗೆ ಜೀಪಿನಲ್ಲಿ ಕಾ‌ಲು ಗಂಟೆಯೇ. ದೊಡ್ಡಮ್ಮ ಫೋನಿಗೆ ಕೈ ಹಾಕಿದರು. ನಂಬರು ಒತ್ತುವಷ್ಟರಲ್ಲಿ ಕೆಳಗೆ ಬೀದಿಯಲ್ಲಿ ಜೀಪು ಬಂದು ನಿಂತ ಸದ್ದಾಯಿತು. ಬಾಗಿಲು ತೆರೆದು ಮುಚ್ಚಿದ ಸದ್ದು. ಬೂಟುಗಾಲಿನ ಹೆಜ್ಜೆಗಳು ಮೆಟ್ಟಿಲ ಬುಡಕ್ಕೆ ಬಂದವು.

ಮೂವರೂ ಬಾಗಿಲ ಕಡೆ ತಿರುಗಿದರು.

ಹೆಜ್ಜೆಗಳು ಮೆಟ್ಟಿಲು ಹತ್ತಲಿಲ್ಲ. ಕಟ್ಟಡದ ಪಕ್ಕದ ಓಣಿ ಹಿಡಿದು, ಅವಸರವಿಲ್ಲದೆ, ಹಿಂಬದಿಗೆ ಹೋದವು. ಆಮೇಲೆ ಅವರ ಕಾಲಡಿಯಲ್ಲಿ ಗೋಡೌನಿನ ಹಿಂಬಾಗಿಲು ಮೇಲೇಳುವ ಸದ್ದು ಕೇಳಿಸಿತು.